ಮೊದಲು ಪುಸ್ತಕವೋ, ಮೊದಲು ರೆಕ್ಕೆಯೋ?

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಬಳಿಯ ವಾಯುಪಡೆ ಅಕಾಡೆಮಿಯ ಕ್ರೀಡಾಂಗಣದಲ್ಲಿ ಪ್ರತಿವರ್ಷ ಬೇಸಿಗೆಯ ಆರಂಭದಲ್ಲಿ ಸುಮಾರು ಸಾವಿರ ಬಿಳಿ ಟೋಪಿಗಳು ಒಮ್ಮೆಲೇ ಮೇಲಕ್ಕೆ ಹಾರುತ್ತವೆ. ಅದೇ ಗಳಿಗೆಗೆ ಸರಿಯಾಗಿ ಥಂಡರ್‌ಬರ್ಡ್ಸ್ ತಂಡದ ಯುದ್ಧವಿಮಾನಗಳು ತಲೆಯ ಮೇಲೆ ಗುಡುಗುತ್ತ ಹಾದುಹೋಗುತ್ತವೆ. ಬಿದ್ದ ಟೋಪಿಗಳನ್ನು ಆರಿಸಿಕೊಳ್ಳಲು ಮಕ್ಕಳು ಮೈದಾನಕ್ಕೆ ನುಗ್ಗುವ ಹೊತ್ತಿಗೆ, ನಾಲ್ಕು ವರ್ಷ ಕೆಡೆಟ್‌ಗಳಾಗಿದ್ದವರು ಸೆಕೆಂಡ್ ಲೆಫ್ಟಿನೆಂಟ್‌ಗಳಾಗಿರುತ್ತಾರೆ. ಕೆಲವೇ ವಾರಗಳಲ್ಲಿ ಅವರ ದಾರಿಗಳು ಬೇರೆಬೇರೆಯಾಗುತ್ತವೆ. ಪೈಲಟ್ ತರಬೇತಿಗೆ ಆಯ್ಕೆಯಾದ ಬಹುತೇಕರು ಟೆಕ್ಸಾಸ್, ಒಕ್ಲಹೋಮಾ, ಮಿಸಿಸಿಪ್ಪಿ ರಾಜ್ಯಗಳ ಬಯಲುಸೀಮೆಯ ವಾಯುನೆಲೆಗಳತ್ತ ಹೊರಟರೆ, ಅದೇ ಆಯ್ಕೆಪತ್ರವನ್ನು ಕೈಯಲ್ಲಿ ಹಿಡಿದಿರುವ ಬೆರಳೆಣಿಕೆಯ ಕೆಲವರು ವಿಮಾನದ ಆಸೆಯನ್ನು ಸ್ವಲ್ಪ ಕಾಲ ಬದಿಗಿರಿಸಿ ಆಕ್ಸ್‌ಫರ್ಡಿಗೋ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೋ, ಅಂದರೆ ಎಂಐಟಿಗೋ, ಸ್ನಾತಕೋತ್ತರ ಓದಿಗೆಂದು ಪೆಟ್ಟಿಗೆ ಕಟ್ಟುತ್ತಾರೆ.

ಓದು ಮತ್ತು ಹಾರಾಟ ಎರಡನ್ನೂ ಸರಿದೂಗಿಸುವ ಇಂಥ ಯುವ ಅಧಿಕಾರಿಗಳ ಬಗ್ಗೆ ಹೊರಗಿನವರಿಗೆ ಇರುವ ಕಲ್ಪನೆ ಸಾಮಾನ್ಯವಾಗಿ ಒಂದೇ: ಬೆಳಿಗ್ಗೆ ವಿಮಾನ, ರಾತ್ರಿ ಗ್ರಂಥಾಲಯ. ವಾಸ್ತವದಲ್ಲಿ ಹಾಗೆ ನಡೆಯುವುದಿಲ್ಲ, ನಡೆಯಲು ಸೇನೆ ಬಿಡುವುದೂ ಇಲ್ಲ. ಇಲ್ಲಿ ಸರಿದೂಗಿಸಬೇಕಾದದ್ದು ದಿನದ ಗಂಟೆಗಳನ್ನಲ್ಲ, ಆಯುಷ್ಯದ ವರ್ಷಗಳನ್ನು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಒಂದು ತೀರ್ಮಾನದ ಮೇಲೆ ಮುಂದಿನ ಹದಿನೈದು ವರ್ಷಗಳ ಬದುಕಿನ ಆಕಾರವೇ ನಿಂತಿರುತ್ತದೆ.

ಓದುವುದೂ ಡ್ಯೂಟಿಯೇ

ಅಕಾಡೆಮಿ ಮುಗಿಸಿದೊಡನೆ ಓದಿಗೆ ಹೋಗುವ ಅಧಿಕಾರಿಯು ಸೇನೆಯಿಂದ ರಜೆ ಪಡೆದು ಹೋಗುವುದಿಲ್ಲ. ಓದೇ ಅವರ ನಿಯೋಜಿತ ಕೆಲಸವಾಗಿರುತ್ತದೆ ಮತ್ತು ಲೆಫ್ಟಿನೆಂಟ್ ದರ್ಜೆಯ ಸಂಬಳ ತಿಂಗಳುತಿಂಗಳೂ ಬರುತ್ತಿರುತ್ತದೆ. ಈ ವ್ಯವಸ್ಥೆಯ ಆಡಳಿತವನ್ನು ನೋಡಿಕೊಳ್ಳುವುದು ಒಹಾಯೊ ರಾಜ್ಯದ ರೈಟ್-ಪ್ಯಾಟರ್ಸನ್ ನೆಲೆಯಲ್ಲಿರುವ ವಾಯುಪಡೆ ತಂತ್ರಜ್ಞಾನ ಸಂಸ್ಥೆ. 1919ರಲ್ಲಿ ಸಣ್ಣದೊಂದು ಎಂಜಿನಿಯರಿಂಗ್ ಶಾಲೆಯಾಗಿ ಆರಂಭವಾದ ಈ ಸಂಸ್ಥೆ ತನ್ನಲ್ಲೇ ಸ್ನಾತಕೋತ್ತರ ತರಗತಿಗಳನ್ನು ನಡೆಸುವುದಲ್ಲದೆ, ದೇಶದ ನಾಗರಿಕ ವಿಶ್ವವಿದ್ಯಾಲಯಗಳಿಗೆ ಅಧಿಕಾರಿಗಳನ್ನು ಕಳುಹಿಸಿ ಅವರ ಪ್ರಗತಿಯ ಮೇಲೆ ಕಣ್ಣಿಡುತ್ತದೆ. ಹಾಗೆ ಹೋದವರು ಆಡಳಿತದ ಮಟ್ಟಿಗೆ ಹತ್ತಿರದ ಆರ್‌ಒಟಿಸಿ ಘಟಕಕ್ಕೆ, ಅಂದರೆ ಕಾಲೇಜು ವಿದ್ಯಾರ್ಥಿಗಳನ್ನು ಅಧಿಕಾರಿಗಳನ್ನಾಗಿ ತಯಾರು ಮಾಡುವ ನಮ್ಮ ಎನ್‌ಸಿಸಿಗೆ ದೂರದ ಸಂಬಂಧಿಯಂತಿರುವ ಘಟಕಕ್ಕೆ, ಸೇರಿರುತ್ತಾರೆ. ಅಲ್ಲಿಂದಾಚೆಗೆ ಅವರು ಜೀನ್ಸ್ ತೊಟ್ಟು ತರಗತಿಗೆ ಹೋಗುವ ಮಾಮೂಲು ವಿದ್ಯಾರ್ಥಿಗಳೇ.

ಅವಕಾಶದ ಬಾಗಿಲುಗಳು ಹಲವು. ಸೆಸಿಲ್ ರೋಡ್ಸ್ ಎಂಬ ವಸಾಹತುಶಾಹಿ ಧನಿಕನ ಉಯಿಲಿನಿಂದ 1902ರಲ್ಲಿ ಹುಟ್ಟಿದ ರೋಡ್ಸ್ ವಿದ್ಯಾರ್ಥಿವೇತನ ಆಕ್ಸ್‌ಫರ್ಡಿಗೆ ಕರೆದೊಯ್ಯುತ್ತದೆ. ಎರಡನೇ ಮಹಾಯುದ್ಧಾನಂತರದ ನೆರವಿಗೆ ಕೃತಜ್ಞತೆಯಾಗಿ ಬ್ರಿಟನ್ ಸರ್ಕಾರ ಆರಂಭಿಸಿದ ಮಾರ್ಷಲ್ ವಿದ್ಯಾರ್ಥಿವೇತನವು ಆ ದೇಶದ ಯಾವುದೇ ವಿಶ್ವವಿದ್ಯಾಲಯದಲ್ಲಿ ಓದಲು ನೆರವಾಗುತ್ತದೆ. ಎಂಜಿನಿಯರಿಂಗ್ ಒಲವಿನವರಿಗೆ ಅಪೋಲೊ ಚಂದ್ರಯಾನದ ದಿಕ್ಸೂಚಿ ಕಂಪ್ಯೂಟರನ್ನು ರೂಪಿಸಿದ ಪ್ರಯೋಗಾಲಯದ ಉತ್ತರಾಧಿಕಾರಿಯಾದ ಡ್ರೇಪರ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸುತ್ತಲೇ ಎಂಐಟಿಯ ಪದವಿ ಪಡೆಯುವ ದಾರಿಯಿದೆ. ನೌಕಾಪಡೆಯಲ್ಲೂ ಅನಾಪೊಲಿಸ್ ಅಕಾಡೆಮಿಯಿಂದ ಹೊರಬಂದ ಕೆಲವರನ್ನು ಪೈಲಟ್ ತರಬೇತಿಗೆ ಮುನ್ನವೇ ಒಂದೆರಡು ವರ್ಷ ಸ್ನಾತಕೋತ್ತರ ಓದಿಗೆ ಬಿಡುವ ಯೋಜನೆಯುಂಟು.

ಎಲ್ಲ ಬಾಗಿಲುಗಳಿಗೂ ಸಮಾನವಾದ ಷರತ್ತೊಂದಿದೆ: ಗಡುವಿನೊಳಗೆ ಮುಗಿಸಬೇಕು. ಸಹಪಾಠಿಗಳಾದ ನಾಗರಿಕ ವಿದ್ಯಾರ್ಥಿಗಳು ಪ್ರಬಂಧವನ್ನು ಇನ್ನೊಂದು ಸೆಮಿಸ್ಟರಿಗೆ ಎಳೆದರೆ ಅದು ಅವರ ಮತ್ತು ಮಾರ್ಗದರ್ಶಕರ ನಡುವಿನ ವಿಷಯ, ಆದರೆ ಲೆಫ್ಟಿನೆಂಟ್ ಹಾಗೆ ಮಾಡಿದರೆ ಅವರಿಗಾಗಿ ಕಾದಿರುವ ತರಬೇತಿಯ ದಿನಾಂಕವೇ ಕೈತಪ್ಪಬಹುದು. ಅಷ್ಟೂ ದಿನ ದೇಹದಾರ್ಢ್ಯ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿರಬೇಕು. ಹಾರಾಟಕ್ಕೆ ಯೋಗ್ಯರೆಂಬ ವೈದ್ಯಕೀಯ ಅರ್ಹತೆ ಕೆಡದಂತೆ ನೋಡಿಕೊಳ್ಳಬೇಕು. ಪುಸ್ತಕದ ಹುಳುವಾಗಿ ಕಣ್ಣು ಕೆಡಿಸಿಕೊಳ್ಳಬೇಡ ಎಂಬ ಹಿರಿಯರ ಮಾತು ಇಲ್ಲಿ ಬರೀ ಬೈಗುಳವಾಗಿ ಉಳಿಯುವುದಿಲ್ಲ.

ಹನ್ನೆರಡು ಗಂಟೆ ಕೆಲಸ, ಹನ್ನೆರಡು ಗಂಟೆ ವಿಶ್ರಾಂತಿ

ಎರಡನ್ನೂ ಏಕಕಾಲಕ್ಕೆ ಏಕೆ ಮಾಡಲಾಗದು ಎಂಬುದನ್ನು ಅರಿಯಲು ಪೈಲಟ್ ತರಬೇತಿಯ ಒಂದು ದಿನವನ್ನು ಹತ್ತಿರದಿಂದ ನೋಡಬೇಕು. ಟೆಕ್ಸಾಸ್‌ನ ಲಾಫ್ಲಿನ್ ಮತ್ತು ಶೆಪರ್ಡ್, ಒಕ್ಲಹೋಮಾದ ವಾನ್ಸ್, ಮಿಸಿಸಿಪ್ಪಿಯ ಕೊಲಂಬಸ್ ನೆಲೆಗಳಲ್ಲಿ ನಡೆದುಬಂದಿರುವ ಈ ತರಬೇತಿ ಹೆಚ್ಚುಕಡಿಮೆ ಒಂದು ವರ್ಷದ್ದು. ಹವಾಮಾನ, ಎಂಜಿನ್, ದಿಕ್ಕು ಕಂಡುಹಿಡಿಯುವ ಕ್ರಮ, ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ದೇಹ ವರ್ತಿಸುವ ಬಗೆ ಇವುಗಳ ತರಗತಿಗಳಿಂದ ಆರಂಭವಾಗಿ, ಒಂದೇ ಎಂಜಿನ್ನಿನ ಟಿ-6 ಟೆಕ್ಸನ್ ವಿಮಾನದ ಹಾರಾಟಕ್ಕೆ ಬಂದು, ಯುದ್ಧವಿಮಾನದ ದಾರಿ ಹಿಡಿದವರಿಗೆ ಧ್ವನಿಗಿಂತ ವೇಗವಾಗಿ ಹಾರಬಲ್ಲ ಟಿ-38 ಟ್ಯಾಲನ್‌ನಲ್ಲಿ ಮುಗಿಯುತ್ತದೆ. ಟಿ-38 ಸೇವೆಗೆ ಬಂದದ್ದು 1961ರಲ್ಲಿ. ಅಜ್ಜ ಕಲಿತ ಮಾದರಿಯ ವಿಮಾನದಲ್ಲೇ ಮೊಮ್ಮಗಳೂ ಕಲಿಯುವ ಸಂದರ್ಭ ಅಲ್ಲಿ ಅಸಂಭವವೇನಲ್ಲ.

ವಿದ್ಯಾರ್ಥಿಗಳು ನೆಲೆಯಲ್ಲಿ ಕಳೆಯುವ ಹೊತ್ತು ದಿನಕ್ಕೆ ಸಾಮಾನ್ಯವಾಗಿ ಹನ್ನೆರಡು ಗಂಟೆಗಳವರೆಗೂ ಹೋಗುತ್ತದೆ. ಮರುದಿನ ಹಾರುವವರಿಗೆ ಅದಕ್ಕೂ ಮುನ್ನ ಹನ್ನೆರಡು ಗಂಟೆಗಳ ವಿಶ್ರಾಂತಿ ಸಿಗಲೇಬೇಕು, ಅದರಲ್ಲಿ ಎಂಟು ಗಂಟೆ ನಿದ್ದೆಗೆ ಅವಕಾಶವಿರಲೇಬೇಕು ಎಂಬುದು ವಾಯುಪಡೆಯ ನಿಯಮ. ನಿದ್ದೆಗೆಟ್ಟವರು ವಿಮಾನ ಹತ್ತಿದರೆ ಏನಾಗುತ್ತದೆ ಎಂಬುದನ್ನು ಅಪಘಾತಗಳ ತನಿಖೆಗಳೇ ಕಲಿಸಿವೆ. ಉಳಿದ ಮೂರು ನಾಲ್ಕು ಗಂಟೆಗಳಲ್ಲಿ ಊಟ, ಸ್ನಾನ, ಮನೆಯವರೊಂದಿಗೆ ಮಾತು, ಮರುದಿನದ ಹಾರಾಟದ ಸಿದ್ಧತೆ. ಇದರ ನಡುವೆ ಪ್ರಬಂಧದ ಅಧ್ಯಾಯವೊಂದನ್ನು ತಿದ್ದಲು ಕೂರುವವರು ಕದಿಯಬೇಕಾದದ್ದು ನಿದ್ದೆಯನ್ನೇ, ಅದು ನಿಯಮಬಾಹಿರ.

ಆ ಸಿದ್ಧತೆಯಲ್ಲಿ ನೋಡುವವರಿಗೆ ನಗು ತರಿಸುವ ರೂಢಿಯೊಂದಿದೆ. ವಿಮಾನದ ಒಳಗಿನ ಗುಂಡಿ, ಮಾಪಕಗಳನ್ನೆಲ್ಲ ತೋರಿಸುವ ದೊಡ್ಡ ಚಿತ್ರವನ್ನು ಗೋಡೆಗೆ ಅಂಟಿಸಿ, ಅದರೆದುರು ಊಟದ ಮನೆಯ ಕುರ್ಚಿಯೊಂದನ್ನು ಎಳೆದುಕೊಂಡು ಕೂತ ವಿದ್ಯಾರ್ಥಿಯು ಎಡಗೈಯಲ್ಲಿ ಇಲ್ಲದ ಎಂಜಿನ್ ಹಿಡಿಯನ್ನು ತಳ್ಳುತ್ತ, ಬಲಗೈಯಲ್ಲಿ ಇಲ್ಲದ ನಿಯಂತ್ರಣದಂಡವನ್ನು ಓರೆಮಾಡುತ್ತ, ನಿಯಂತ್ರಣ ಗೋಪುರಕ್ಕೆ ಹೇಳಬೇಕಾದ ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ, ನಾಳೆಯ ಹಾರಾಟವನ್ನು ಮೊದಲಿನಿಂದ ಕೊನೆಯವರೆಗೆ ನೆಲದ ಮೇಲೇ ಮುಗಿಸಬೇಕು. ಕುರ್ಚಿ ಹಾರಾಟ ಎಂದು ಕರೆಯಬಹುದಾದ ಈ ಅಭ್ಯಾಸ ದುಬಾರಿ ಸಿಮ್ಯುಲೇಟರುಗಳು ಬಂದ ಮೇಲೂ ಕಣ್ಮರೆಯಾಗಿಲ್ಲ, ಏಕೆಂದರೆ ಗಾಳಿಯಲ್ಲಿ ಯೋಚಿಸಲು ಸಮಯ ಸಿಗುವುದಿಲ್ಲ. ಕೈಗೆ ಮೊದಲೇ ಗೊತ್ತಿದ್ದರೆ ಮಾತ್ರ ತಲೆ ಬೇರೆಯದನ್ನು ಯೋಚಿಸಬಲ್ಲದು.

ಅನುಮಾನಿಸುವ ಓದು, ಬಾಯಿಪಾಠದ ಓದು

ವಿಶ್ವವಿದ್ಯಾಲಯದಿಂದ ನೇರವಾಗಿ ಇಲ್ಲಿಗೆ ಬಂದವರನ್ನು ಹೆಚ್ಚು ಕಂಗೆಡಿಸುವುದು ಕೆಲಸದ ಹೊರೆಯಲ್ಲ, ಓದಿನ ರೀತಿಯೇ ತಲೆಕೆಳಗಾಗುವುದು. ಬೆಳಗಿನ ಸಭೆಯಲ್ಲಿ ತರಬೇತುದಾರರು ಒಂದು ಸನ್ನಿವೇಶವನ್ನು ಮುಂದಿಡುತ್ತಾರೆ: ಇಷ್ಟು ಎತ್ತರ, ಇಷ್ಟು ವೇಗ, ಎಂಜಿನ್ ನಿಂತಿದೆ. ಹೆಸರು ಕರೆಸಿಕೊಂಡ ವಿದ್ಯಾರ್ಥಿ ಎಲ್ಲರೆದುರು ಎದ್ದು ನೆಟ್ಟಗೆ ನಿಂತು, ಮುಂದೇನು ಮಾಡುವೆನೆಂದು ಹೆಜ್ಜೆಹೆಜ್ಜೆಯಾಗಿ ಹೇಳಬೇಕು. ತುರ್ತಿನ ಕ್ರಮಗಳಲ್ಲಿ ತೀರ ಮುಖ್ಯವಾದ ಕೆಲವನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿರುತ್ತಾರೆ. ಅವುಗಳನ್ನು ಅಕ್ಷರವೂ ಆಚೀಚೆಯಾಗದಂತೆ ಒಪ್ಪಿಸಬೇಕು. ತಡವರಿಸಿದರೆ ಕೂರಲು ಹೇಳಿ ಅದೇ ಸನ್ನಿವೇಶವನ್ನು ಮತ್ತೊಬ್ಬರಿಗೆ ದಾಟಿಸುತ್ತಾರೆ, ಮತ್ತು ಕೂತವರು ಆ ದಿನ ಹಾರುವಂತಿಲ್ಲ.

ಎರಡು ವರ್ಷ ಪ್ರತಿಯೊಂದು ಹೇಳಿಕೆಗೂ ಆಧಾರವೇನು ಎಂದು ಪ್ರಶ್ನಿಸಲು ಕಲಿತವರಿಗೆ ಈ ಗಿಳಿಪಾಠ ಮೊದಮೊದಲು ಅವಮಾನದಂತೆ ತೋರುವುದು ಸಹಜ. ಆದರೆ ಅದರ ಹಿಂದಿನ ತರ್ಕವನ್ನು ತಳ್ಳಿಹಾಕುವಂತಿಲ್ಲ: ಎಂಜಿನ್ ನಿಂತ ವಿಮಾನ ಎತ್ತರ ಕಳೆದುಕೊಳ್ಳುತ್ತಲೇ ಇರುತ್ತದೆ, ಪರ್ಯಾಯಗಳನ್ನು ತೂಗಿ ನೋಡುವ ಹೊತ್ತಿಗೆ ಪರ್ಯಾಯಗಳೇ ಉಳಿದಿರುವುದಿಲ್ಲ. ಸ್ನಾತಕೋತ್ತರ ಪದವಿಯು ಪೈಲಟ್ ತರಬೇತಿಗೆ ನೇರ ನೆರವಾಗುತ್ತದೆ ಎಂಬ ಜನಪ್ರಿಯ ನಂಬಿಕೆಯನ್ನು ಈ ಕಾರಣಕ್ಕಾಗಿಯೇ ಸ್ವಲ್ಪ ಅನುಮಾನದಿಂದ ನೋಡಬೇಕಾಗುತ್ತದೆ. ವಾಯುಚಲನೆಯ ಸಮೀಕರಣಗಳನ್ನು ಬಿಡಿಸಬಲ್ಲವರಿಗೆ ಗಾಳಿಯಲ್ಲಿ ಹೊಟ್ಟೆ ತೊಳಸುವುದು ತಪ್ಪುವುದಿಲ್ಲ. ಟಿ-6 ವಿಮಾನ ತಾಳಿಕೊಳ್ಳಬಲ್ಲ ಏಳು ಪಟ್ಟು ಗುರುತ್ವದ ಒತ್ತಡದಲ್ಲಿ ಕಾಲಿನ ಸ್ನಾಯು ಬಿಗಿಹಿಡಿದು ತಲೆಗೆ ರಕ್ತ ಉಳಿಸಿಕೊಳ್ಳುವ ವಿದ್ಯೆಯನ್ನು ಯಾವ ಪ್ರಬಂಧವೂ ಕಲಿಸುವುದಿಲ್ಲ. ಪದವಿಯ ಫಲ ಸಿಗುವುದು ಬಹಳ ಮುಂದೆ, ಹಾರಾಟ ಕೈಗೆ ಒಗ್ಗಿದ ಮೇಲೆ.

ಇನ್ನೊಂದು ಸಣ್ಣ ತೊಡಕೂ ಉಂಟು. ಸೇವೆಗೆ ಸೇರಿ ಎರಡು ವರ್ಷಕ್ಕೆ ಫಸ್ಟ್ ಲೆಫ್ಟಿನೆಂಟ್ ದರ್ಜೆ ದೊರೆಯುವುದರಿಂದ, ಓದು ಮುಗಿಸಿ ತಡವಾಗಿ ಬಂದವರು ತಮ್ಮ ತಂಡದಲ್ಲಿ ಹೆಚ್ಚಾಗಿ ಹಿರಿಯ ದರ್ಜೆಯವರಾಗಿರುತ್ತಾರೆ, ಮತ್ತು ತಂಡದ ನಾಯಕತ್ವ ವಾಡಿಕೆಯಂತೆ ಹಿರಿಯರ ಹೆಗಲಿಗೇ ಬೀಳುತ್ತದೆ. ಹಾರಾಟದಲ್ಲಿ ಎಲ್ಲರಷ್ಟೇ ಹೊಸಬರಾಗಿದ್ದರೂ ಎಲ್ಲರ ಹಾಜರಿ, ಅಹವಾಲುಗಳ ಹೊಣೆ ಅವರದಾಗುತ್ತದೆ.

ಡೂಲಿಟಲ್‌ನ ಎರಡು ಪ್ರಬಂಧಗಳು

ಓದೂ ಹಾರಾಟವೂ ನಿಜವಾಗಿ ಒಂದರೊಳಗೊಂದು ಬೆರೆತ ಉದಾಹರಣೆಗೆ ನೂರು ವರ್ಷ ಹಿಂದೆ ಹೋಗಬೇಕು. ಜೇಮ್ಸ್ ಡೂಲಿಟಲ್ ಎಂಬ ಅಮೆರಿಕದ ಸೇನಾ ಪೈಲಟ್ ಮೊದಲು ಹಾರಲು ಕಲಿತು, ಹೆಸರು ಮಾಡಿ, ಆಮೇಲೆ 1923ರಲ್ಲಿ ಸೇನೆಯ ಖರ್ಚಿನಲ್ಲೇ ಎಂಐಟಿ ಸೇರಿದ. ಸ್ನಾತಕೋತ್ತರ ಪ್ರಬಂಧಕ್ಕಾಗಿ ಆತ ಕೈಗೆತ್ತಿಕೊಂಡ ಪ್ರಶ್ನೆ ಇದು: ವಿಮಾನವನ್ನು ಧುಮುಕಿಸಿ ಮೇಲೆತ್ತುವಾಗ, ಸುತ್ತಿಸುವಾಗ, ಮಗುಚುವಾಗ ಅದರ ರೆಕ್ಕೆಯ ಮೇಲೂ ಪೈಲಟ್‌ನ ದೇಹದ ಮೇಲೂ ಎಷ್ಟು ಒತ್ತಡ ಬೀಳುತ್ತದೆ? ಉತ್ತರಕ್ಕಾಗಿ ಡೇಟನ್ನಿನ ಮೆಕ್‌ಕುಕ್ ಮೈದಾನಕ್ಕೆ ಹಿಂದಿರುಗಿ, ಫೋಕರ್ ಕಂಪನಿಯ ಯುದ್ಧವಿಮಾನವೊಂದಕ್ಕೆ ವೇಗೋತ್ಕರ್ಷ ದಾಖಲಿಸುವ ಉಪಕರಣ ಅಳವಡಿಸಿ, ಅದರ ರೆಕ್ಕೆ ಬಿರುಕು ಬಿಡುವ ಅಂಚಿನವರೆಗೂ ತಾನೇ ಹಾರಿಸಿ ಅಳೆದ. ಅಂಥ ಅಳತೆಯನ್ನು ಪ್ರಯೋಗಾಲಯದ ಪ್ರಾಧ್ಯಾಪಕರು ಪಡೆಯುವಂತಿರಲಿಲ್ಲ, ಓದದ ಪೈಲಟ್ ಅದನ್ನು ಕೇಳುವಂತಿರಲಿಲ್ಲ.

1925ರಲ್ಲಿ ಮುಗಿದ ಆತನ ಡಾಕ್ಟರೇಟ್ ಪ್ರಬಂಧ ಇನ್ನೂ ಸ್ವಾರಸ್ಯಕರ. ಎತ್ತರ ಬದಲಾದಂತೆ ಗಾಳಿಯ ವೇಗ ಬದಲಾಗುವುದು ವಿಮಾನದ ಮೇಲೆ ಬೀರುವ ಪರಿಣಾಮ ಅದರ ವಿಷಯ. ನೆಲ ಕಾಣದಿದ್ದಾಗಲೂ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದು ತಮಗೆ ಮೈಯಿಂದಲೇ ತಿಳಿಯುತ್ತದೆ ಎಂದು ಆ ಕಾಲದ ಅನೇಕ ಹಳೆಯ ಪೈಲಟ್‌ಗಳು ನಂಬಿದ್ದರು. ಹಾಗೆ ತಿಳಿಯುವುದಿಲ್ಲ ಎಂಬ ತೀರ್ಮಾನಕ್ಕೆ ಡೂಲಿಟಲ್ ಬಂದ. ಆ ಪ್ರಬಂಧವನ್ನು ಬೆರಳಚ್ಚು ಮಾಡಿಕೊಟ್ಟವಳು ಹೆಂಡತಿ ಜೋಸೆಫಿನ್ ಎಂಬುದನ್ನೂ ಇಲ್ಲಿ ನೆನೆಯಬೇಕು, ಏಕೆಂದರೆ ಇಂಥ ಜೋಡಿ ಸಾಧನೆಗಳ ಲೆಕ್ಕದಲ್ಲಿ ಮನೆಯವರ ದುಡಿಮೆ ಸಾಮಾನ್ಯವಾಗಿ ಜಮೆಯಾಗುವುದಿಲ್ಲ. ಮೈಯನ್ನು ನಂಬದೆ ಉಪಕರಣವನ್ನು ನಂಬಬೇಕೆಂಬ ಅದೇ ವಿಚಾರ ಮುಂದುವರಿದು, 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಸಮೀಪದ ಮಿಚೆಲ್ ಮೈದಾನದಲ್ಲಿ ಡೂಲಿಟಲ್ ತನ್ನ ಆಸನಕ್ಕೆ ಪೂರ್ತಿ ಮುಸುಕು ಹಾಕಿಸಿಕೊಂಡು, ಹೊರಗೇನೂ ಕಾಣದಂತೆ, ಮಾಪಕಗಳನ್ನಷ್ಟೇ ನೋಡುತ್ತ ವಿಮಾನ ಏರಿಸಿ, ಸುತ್ತು ಹಾಕಿ, ಇಳಿಸಿದ. ಇಂದು ಮಂಜು ಮುಸುಕಿದ ಬೆಳಗಿನಲ್ಲೂ ವಿಮಾನಗಳು ಇಳಿಯುವುದಕ್ಕೆ ಬುನಾದಿಯಾದದ್ದು ಆ ಹಾರಾಟ.

ಕೊರಿಯಾ ಯುದ್ಧದಲ್ಲಿ 66 ಬಾರಿ ಕಾಳಗಕ್ಕೆ ಹಾರಿದ ನಂತರ ಎಂಐಟಿ ಸೇರಿ, ಕಕ್ಷೆಯಲ್ಲಿ ಎರಡು ನೌಕೆಗಳು ಒಂದನ್ನೊಂದು ಸಂಧಿಸುವ ಬಗೆಯ ಮೇಲೆ 1963ರಲ್ಲಿ ಡಾಕ್ಟರೇಟ್ ಪಡೆದ ಬಜ್ ಆಲ್ಡ್ರಿನ್ ಕೂಡ ಇದೇ ಕ್ರಮದವನು. ಆರು ವರ್ಷಗಳ ನಂತರ ಚಂದ್ರನ ಸುತ್ತ ಅಂಥದೇ ಸಂಧಿಯನ್ನು ಸ್ವತಃ ಕಂಡ. ಇಬ್ಬರಿಗೂ ಹಾರಾಟವೇ ಸಂಶೋಧನೆಯ ಪ್ರಶ್ನೆಯನ್ನು ಒದಗಿಸಿತು. ಗಂಭೀರ ಸಂಶೋಧನೆಯ ದೃಷ್ಟಿಯಿಂದ ನೋಡಿದರೆ ರೆಕ್ಕೆ ಮೊದಲು, ಪುಸ್ತಕ ಆಮೇಲೆ ಎಂಬ ಕ್ರಮವೇ ಹೆಚ್ಚು ಫಲವತ್ತಾದದ್ದು.

ಸೇನೆಯ ಲೆಕ್ಕಾಚಾರ

ಹಾಗಿದ್ದರೂ ಹೊಸ ಅಧಿಕಾರಿಗಳನ್ನು ಮೊದಲೇ ಓದಲು ಕಳುಹಿಸುವುದಕ್ಕೆ ಕಾರಣ ದುಡ್ಡು. ಪೈಲಟ್ ಒಬ್ಬರನ್ನು ಪ್ರಾಥಮಿಕ ಮಟ್ಟದ ಅರ್ಹತೆಗೆ ತರಲು ತಗಲುವ ವೆಚ್ಚ ಸಿ-17 ಸಾರಿಗೆ ವಿಮಾನಕ್ಕಾದರೆ ಸುಮಾರು 11 ಲಕ್ಷ ಡಾಲರ್, ಎಫ್-22 ಯುದ್ಧವಿಮಾನಕ್ಕಾದರೆ ಸುಮಾರು 1 ಕೋಟಿ 9 ಲಕ್ಷ ಡಾಲರ್ ಎಂದು ರ‍್ಯಾಂಡ್ ಸಂಸ್ಥೆಯ 2019ರ ಅಧ್ಯಯನ ಅಂದಾಜಿಸಿತ್ತು. ಇಷ್ಟು ಸುರಿದು ತಯಾರಿಸಿದವರನ್ನು ಎರಡು ವರ್ಷ ಗ್ರಂಥಾಲಯದಲ್ಲಿ ಕೂರಿಸುವುದು ತುಕಡಿಯ ಮುಖ್ಯಸ್ಥರಿಗೆ ನುಂಗಲಾರದ ತುತ್ತು. ಇನ್ನೂ ರೆಕ್ಕೆ ಪಡೆಯದ ಲೆಫ್ಟಿನೆಂಟ್ ಎರಡು ವರ್ಷ ತಡವಾಗಿ ಬಂದರೆ ಯಾವ ತುಕಡಿಗೂ ಕೊರತೆ ಕಾಣದು. ವಿಮಾನಗಳ ಅಭಾವ, ದುರಸ್ತಿಯ ವಿಳಂಬಗಳಿಂದ ತರಬೇತಿಗಾಗಿ ತಿಂಗಳುಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿ ಬಂದಾಗಲಂತೂ ಓದು ಕಾಲಹರಣಕ್ಕಿಂತ ಮೇಲು.

ಅಧಿಕಾರಿಯ ಕಡೆಯಿಂದ ಲೆಕ್ಕ ಬೇರೆ. ಅಕಾಡೆಮಿಯಲ್ಲಿ ಉಚಿತವಾಗಿ ಓದಿದ್ದಕ್ಕೆ ಐದು ವರ್ಷ ಸೇವೆ ಸಲ್ಲಿಸಬೇಕು; ಪೈಲಟ್ ಆದವರು ರೆಕ್ಕೆಯ ಬ್ಯಾಡ್ಜ್ ಪಡೆದ ದಿನದಿಂದ ಹತ್ತು ವರ್ಷ ಸೇವೆಯಲ್ಲಿರಬೇಕು. ಇಪ್ಪತ್ತೆರಡಕ್ಕೆ ಅಕಾಡೆಮಿ ಮುಗಿಸಿ ನೇರ ತರಬೇತಿಗೆ ಹೋದವರು ಮೂವತ್ತಮೂರು ಮೂವತ್ತನಾಲ್ಕಕ್ಕೆ ಋಣಮುಕ್ತರಾದರೆ, ನಡುವೆ ಎರಡು ವರ್ಷ ಓದಿದವರು ಮೂವತ್ತೈದು ಮೂವತ್ತಾರು ಮುಟ್ಟಿರುತ್ತಾರೆ; ಆ ಎರಡು ವರ್ಷ ಸೇವೆಯ ಹಿರಿತನಕ್ಕೆ ಸೇರುತ್ತವೆಯಾದರೂ ರೆಕ್ಕೆಯ ಹತ್ತು ವರ್ಷಗಳಲ್ಲಿ ಒಂದು ದಿನವನ್ನೂ ಕಡಿಮೆ ಮಾಡುವುದಿಲ್ಲ. ಅಷ್ಟೇ ಅಲ್ಲ, ನಾಲ್ಕು ವರ್ಷಕ್ಕೆ ಕ್ಯಾಪ್ಟನ್ ದರ್ಜೆ ಬರುವುದರಿಂದ, ಅವರು ತಮ್ಮ ಮೊದಲ ತುಕಡಿಗೆ ಕಾಲಿಡುವ ಹೊತ್ತಿಗೆ ಭುಜದ ಮೇಲೆ ಕ್ಯಾಪ್ಟನ್ ಪಟ್ಟಿ ಇದ್ದರೂ ಹಾರಾಟದ ಗಂಟೆಗಳಲ್ಲಿ ಕಿರಿಯರಾಗಿರುತ್ತಾರೆ, ಜೊತೆಗೆ ಟೋಪಿ ಎಸೆದ ಗೆಳೆಯರು ಆಗಲೇ ಇತರರಿಗೆ ಕಲಿಸತೊಡಗಿರುತ್ತಾರೆ.

ಬಡ್ತಿಗಾಗಿ ಪದವಿ

ನಡುವಿನ ಮೂರನೆಯ ದಾರಿಯೊಂದಿತ್ತು, ಹೆಚ್ಚು ಜನ ತುಳಿದದ್ದೂ ಅದನ್ನೇ: ತುಕಡಿಯಲ್ಲಿ ಕೆಲಸ ಮಾಡುತ್ತಲೇ ಸಂಜೆಯ ಇಲ್ಲವೇ ದೂರಶಿಕ್ಷಣದ ತರಗತಿಗಳ ಮೂಲಕ ಯಾವುದಾದರೊಂದು ಸ್ನಾತಕೋತ್ತರ ಪದವಿ ಗಳಿಸುವುದು. ಯಾವುದಾದರೊಂದು ಎಂಬುದೇ ಇಲ್ಲಿ ಮುಖ್ಯ, ಏಕೆಂದರೆ ಬಡ್ತಿ ಮಂಡಳಿಯ ಕಣ್ಣಿಗೆ ಪದವಿ ಕಾಣಬೇಕೆಂಬುದಷ್ಟೇ ಅನೇಕರ ಉದ್ದೇಶವಾಗಿತ್ತು. ವಿಷಯದ ಮೇಲೆ ಪ್ರೀತಿಯಿಲ್ಲದೆ, ಮುಖ್ಯ ಕೆಲಸದ ಸಮಯವನ್ನೂ ಮನೆಯ ಸಮಯವನ್ನೂ ತಿಂದು ಗಳಿಸಿದ ಇಂಥ ಪದವಿಗಳಿಂದ ಯಾರಿಗೂ ಹೆಚ್ಚಿನ ಲಾಭವಿಲ್ಲವೆಂದು ಕೊನೆಗೆ ವಾಯುಪಡೆಗೇ ಮನವರಿಕೆಯಾಯಿತು. 2014ರ ಡಿಸೆಂಬರ್‌ನಿಂದ ಕರ್ನಲ್‌ಗಿಂತ ಕೆಳಗಿನ ಹುದ್ದೆಗಳ ಬಡ್ತಿಯಲ್ಲಿ ಸ್ನಾತಕೋತ್ತರ ಪದವಿಯನ್ನು ಪರಿಗಣಿಸದಿರಲು ಅದು ನಿರ್ಧರಿಸಿತು. ಅಂಕಪಟ್ಟಿಯ ಆಸೆಗಾಗಿ ಓದುವವರು ಇದರಿಂದ ಹಿಂದೆ ಸರಿದರೆ ನಷ್ಟವೇನಿಲ್ಲ.

ಹೈದರಾಬಾದ್ ಮೂಲದ ಕುಟುಂಬ, ಬೆಂಗಳೂರಿನ ತರಗತಿ

ಪುಸ್ತಕ ಮೊದಲು ಎಂಬ ಕ್ರಮಕ್ಕೆ ಒಳ್ಳೆಯ ನಿದರ್ಶನ ರಾಜಾ ಚಾರಿ. ಹೈದರಾಬಾದಿನಿಂದ ಅಮೆರಿಕಕ್ಕೆ ವಲಸೆ ಹೋದ ಎಂಜಿನಿಯರ್ ಒಬ್ಬರ ಮಗನಾಗಿ ಅಯೋವಾ ರಾಜ್ಯದಲ್ಲಿ ಬೆಳೆದ ಅವರು 1999ರಲ್ಲಿ ವಾಯುಪಡೆ ಅಕಾಡೆಮಿಯಿಂದ ಹೊರಬಂದು, 2001ರಲ್ಲಿ ಎಂಐಟಿಯಿಂದ ವೈಮಾನಿಕ ಮತ್ತು ಅಂತರಿಕ್ಷ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದಾದ ಮೇಲೆ ಒಕ್ಲಹೋಮಾದ ವಾನ್ಸ್ ನೆಲೆಯಲ್ಲಿ ಪೈಲಟ್ ತರಬೇತಿ ಮುಗಿಸಿದರು. ಎಫ್-15ಇ ಯುದ್ಧವಿಮಾನ ಹಾರಿಸಿ, ಪರೀಕ್ಷಾ ಪೈಲಟ್ ಆಗಿ, 2021ರ ನವೆಂಬರ್‌ನಲ್ಲಿ ಕ್ರೂ-3 ಯಾನದ ಕಮಾಂಡರ್ ಆಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದರು.

ಭಾರತದಲ್ಲಿ ಈ ಕ್ರಮ ತಿರುಗುಮುರುಗು. ಇಲ್ಲಿ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯ ಪರೇಡಿನಲ್ಲಿ ಅಧಿಕಾರಿಯ ಹುದ್ದೆಯೂ ಪೈಲಟ್‌ನ ರೆಕ್ಕೆಯೂ ಒಟ್ಟಿಗೇ ದೊರೆಯುತ್ತವೆ. ಹೊಸ ಫ್ಲೈಯಿಂಗ್ ಆಫೀಸರ್ ಆಗಲೇ ಹಾರಬಲ್ಲವರಾಗಿರುತ್ತಾರೆ. ಯುದ್ಧವಿಮಾನಕ್ಕೆ ಆಯ್ಕೆಯಾದವರಲ್ಲಿ ಅನೇಕರು ಅಲ್ಲಿಂದ ನೇರವಾಗಿ ಬೀದರ್ ನೆಲೆಗೆ ಬಂದು, ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ ಹಾಕ್ ವಿಮಾನದಲ್ಲಿ ಮುಂದಿನ ಪಾಠ ಕಲಿಯುತ್ತಾರೆ. ನಡುವೆ ಎಂಟೆಕ್‌ಗೆ ಹೋಗಿಬರುವೆ ಎನ್ನಲು ಎಡೆಯೇ ಇಲ್ಲ. ಓದಿನ ಅವಕಾಶ ಬರುವುದು ವರ್ಷಗಳ ಹಾರಾಟದ ನಂತರ. 2006ರಲ್ಲಿ ಸೇವೆಗೆ ಸೇರಿ, ಸುಖೋಯ್-30, ಮಿಗ್-21, ಜಾಗ್ವಾರ್‌ಗಳನ್ನೆಲ್ಲ ಹಾರಿಸಿದ ಶುಭಾಂಶು ಶುಕ್ಲಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂತರಿಕ್ಷ ಎಂಜಿನಿಯರಿಂಗ್ ಎಂಟೆಕ್ ಮಾಡಿದ್ದು ಹೀಗೆ ಸೇವೆಯ ನಡುವೆಯೇ; 2025ರ ಜೂನ್ 25ರಂದು ಆಕ್ಸಿಯಂ-4 ಯಾನದ ಪೈಲಟ್ ಆಗಿ ಹೊರಟು ಚಾರಿ ಇದ್ದ ನಿಲ್ದಾಣಕ್ಕೇ ಅವರೂ ಹೋಗಿಬಂದರು.

ಈ ಕ್ರಮಕ್ಕೂ ತನ್ನದೇ ಸುಂಕವಿದೆ. ಸಮೀಕರಣ ಬಿಡಿಸಿ ವರ್ಷಗಳಾದವರು ತಮಗಿಂತ ಹತ್ತು ಹನ್ನೆರಡು ವರ್ಷ ಕಿರಿಯರಾದ, ಪ್ರವೇಶ ಪರೀಕ್ಷೆಯ ಬಿಸಿ ಆರದ ಸಹಪಾಠಿಗಳ ಪಕ್ಕ ಕೂರಬೇಕು. ಓದು ಮುಗಿಸಿ ತುಕಡಿಗೆ ಮರಳಿದಾಗ, ಬಹುಕಾಲ ಹಾರದಿದ್ದವರು ಎಷ್ಟೇ ಹಿರಿಯರಾಗಿರಲಿ, ಮೊದಲ ಹಾರಾಟಗಳನ್ನು ಪಕ್ಕದಲ್ಲೋ ಹಿಂದಿನ ಆಸನದಲ್ಲೋ ಪರೀಕ್ಷಕರನ್ನು ಕೂರಿಸಿಕೊಂಡೇ ಮಾಡಬೇಕು. ಎಂಟೆಕ್ ಪ್ರಮಾಣಪತ್ರಕ್ಕೆ ಅಲ್ಲಿ ಯಾವ ರಿಯಾಯಿತಿಯೂ ಇಲ್ಲ.